ನೀರು ಕೇಳಿದರೆ ಕಿಟಕಿ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ತಂಗಿಗೆ ಸಣ್ಣ ಕೆಲಸವೆಂದರೆ ಕೈ ತಾನಾಗಿ ಓಡುತ್ತಿತ್ತು. ಪಾರ್ಶ್ವವಾಯು ಬಡಿದು ಅಣ್ಣನ ಮಾತು ನಿಂತುಹೋದಾಗ ಅವನ ಪರವಾಗಿ ಮಾತಾಡುವ ಪುಟ್ಟ ಕಂಪ್ಯೂಟರೊಂದನ್ನು ಮಾಡಿಕೊಡಲು ಹೊರಟಳು. ಇಸ್ಪೀಟೆಲೆಯಷ್ಟಗಲದ ಒಂದು ಬೋರ್ಡು. ಕಂಪ್ಯೂಟರಿನ ಜೀವವೆಲ್ಲ ಅದರಲ್ಲೇ. ಅದಕ್ಕೆ ಪುಟ್ಟ ಸ್ಪೀಕರು, ಬ್ಯಾಟರಿ, ಹಳೆಯ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಜೋಡಿಸಿ, ಎಲ್ಲವನ್ನೂ ಕನ್ನಡಕದ ಡಬ್ಬಿಯೊಂದರಲ್ಲಿ ಕೂರಿಸಿದಳು. ಗುಂಡಿಗೊಂದು ಚಿತ್ರ: ನೀರಿಗೆ ಲೋಟ, ಊಟಕ್ಕೆ ತಟ್ಟೆ, ಗಾಳಿಗೆ ಕಿಟಕಿ, ಹೀಗೆ. ಒತ್ತಿದರೆ ಅವಳ ದನಿಯಲ್ಲೇ ಆ ಮಾತು ಬರುತ್ತಿತ್ತು. ಎಲ್ಲ ಪರೀಕ್ಷಿಸಿದ ಮೇಲೆ ಬ್ಯಾಟರಿ ಬದಲಿಸಲು ಒಮ್ಮೆ ಬಿಚ್ಚಿ, ತಂತಿಗಳನ್ನು ಮತ್ತೆ ಬೆಸೆದು ಮುಚ್ಚಿದಳು.

ಅಣ್ಣ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳು ಊರಿದ. “ಕಿಟಕಿ ತೆಗಿ” ಎಂದಿತು ಡಬ್ಬಿ. ಅತ್ತಿಗೆ ಓಡಿಹೋಗಿ ತೆಗೆದಳು. ಅವನು ತಲೆಯಾಡಿಸಿ ಮತ್ತೆ ಒತ್ತಿದ. ಮತ್ತೆ ಕಿಟಕಿ. ತೆಗೆದ ಕಿಟಕಿಯನ್ನು ಇನ್ನೆಷ್ಟು ತೆಗೆಯುವುದು? ಮುಚ್ಚಿದಳು. ಅವನ ಮುಖ ಕೆಂಪಾಯಿತು. ಹಸಿವಿನ ಹೊತ್ತಿಗೆ “ಟಿವಿ ಹಾಕು” ಎಂಬ ಮಾತು ಬಂದು, ತಟ್ಟೆಯ ಬದಲು ವಾರ್ತೆಯ ಗದ್ದಲ ಅವನೆದುರು ಬಂದು ಕೂತಿತು. ಅವನು ಪರದೆಯನ್ನೂ ಹೆಂಡತಿಯನ್ನೂ ಪಿಳಿಪಿಳಿ ನೋಡಿದ.

ಪದಗಳು ಕಲಸಿಹೋಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಡುಗೆಮನೆಯಲ್ಲಿ ಅತ್ತಿಗೆ ದನಿ ತಗ್ಗಿಸಿ, “ಮಾತು ಹೋದ್ರೂ ತಲೆ ನೆಟ್ಟಗಿದೆ ಅಂದ್ಕೊಂಡಿದ್ದೆ ಕಣೇ” ಎಂದಳು. ತಂಗಿ ಲೋಟ ತೊಳೆಯತೊಡಗಿದಳು. ಡಬ್ಬಿ ಮಾಡದೇ ಇದ್ದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲವಲ್ಲ ಎಂದು ಒಳಗೊಳಗೇ ಕೊರಗಿದಳು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಡಬ್ಬಿ ಸ್ಪಷ್ಟವಾಗಿ “ನೀರು ಕೊಡು” ಎಂದಿತು. ಕೊಟ್ಟರೆ ಗಟಗಟ ಕುಡಿದ. ಆಮೇಲೆ ಊಟವನ್ನೂ ಸರಿಯಾಗಿ ಕೇಳಿದ. ಅತ್ತಿಗೆಯ ಕಣ್ಣು ತುಂಬಿತು. ಔಷಧಿ ಹಿಡಿಯಿತೆಂದು ಎಲ್ಲರಿಗೂ ಫೋನು ಮಾಡಿದಳು. ಆದರೆ ಲೋಟ ಕೊಡುವಾಗ ತಂಗಿ ಅವನ ಹೆಬ್ಬೆರಳ ಅಡಿ ಇಣುಕಿದಳು. ಅಲ್ಲಿದ್ದದ್ದು ಕಿಟಕಿಯ ಚಿತ್ರ.

ತನ್ನ ಕಣ್ಣೇ ಮೋಸ ಮಾಡಿತೇನೋ ಎಂದುಕೊಂಡು ಡಬ್ಬಿ ಇಸಿದುಕೊಂಡು ತಾನೇ ಒತ್ತಿದಳು. ಲೋಟ ಒತ್ತಿದರೆ ಕಿಟಕಿ, ಕಿಟಕಿ ಒತ್ತಿದರೆ ನೀರು. ಬಿಚ್ಚಿ ನೋಡಿದರೆ ಆ ಎರಡು ತಂತಿ ಅದಲುಬದಲಾಗಿದ್ದವು; ಊಟದ್ದೂ ಟಿವಿಯದೂ ಹಾಗೆಯೇ. ಕೂತಲ್ಲೇ ಬೆಸುಗೆ ಬಿಡಿಸಿ ಸರಿಮಾಡಿ ಕೊಟ್ಟಳು.

ಮಧ್ಯಾಹ್ನ ಅಣ್ಣನಿಗೆ ಬಾಯಾರಿತು. ಇಷ್ಟು ದಿನದಲ್ಲಿ ಕಲಿತ ಅಭ್ಯಾಸದಂತೆ ಕಿಟಕಿಯ ಚಿತ್ರವನ್ನೇ ಒತ್ತಿದ. “ಕಿಟಕಿ ತೆಗಿ.” ಅವನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಕ್ಕಾಬಿಕ್ಕಿಯಾಗಿ ತಂಗಿಯತ್ತ ತಿರುಗಿದ.

“ಮತ್ತೆ ಕೆಟ್ಟಿತಾ?” ಎಂದಳು ಅತ್ತಿಗೆ.

“ಇಲ್ಲ, ಡಬ್ಬಿ ಈಗ ಸರಿಯಾಗಿದೆ. ಮೊದಲು ನಾನೇ ತಂತಿ ತಪ್ಪಾಗಿ ಬೆಸೆದಿದ್ದೆ.”

“ಹಾಗಾದ್ರೆ ಇವರು?”

“ಇವನೂ ಸರಿಯಾಗೇ ಇದ್ದ ಅತ್ತಿಗೆ. ಮೊದಲಿಂದಲೂ.”

ಅತ್ತಿಗೆ ಮಂಚದ ಅಂಚಿನಲ್ಲಿ ಕುಸಿದಳು. ಇಷ್ಟು ದಿನ ಅವನು ಕೇಳಿದ್ದೇನು, ತಾನು ಮಾಡಿದ್ದೇನು ಎಂದು ಒಂದೊಂದಾಗಿ ನೆನೆದರೆ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ, ತನ್ನ ಮೇಲೆ ಸಿಟ್ಟಿದೆಯಾ ಎಂದು ಮೆಲ್ಲಗೆ ಕೇಳಿದಳು.

ಅಣ್ಣ ಯೋಚಿಸಿ “ಬೇಡ” ಒತ್ತಿದ. ಆಮೇಲೆ “ಇನ್ನೂ ಬೇಕು” ಒತ್ತಿದ. ಯಾವುದನ್ನು ಉತ್ತರವೆಂದು ಹಿಡಿಯಬೇಕೋ ತಿಳಿಯದೆ ಅತ್ತಿಗೆ ನಾದಿನಿಯ ಮುಖ ನೋಡಿದಳು. ಅಣ್ಣ ಡಬ್ಬಿಯನ್ನು ಪಕ್ಕಕ್ಕಿಟ್ಟು, ಸೊಟ್ಟ ಬಾಯಲ್ಲೇ ನಕ್ಕು, ಹೆಂಡತಿಯ ಸೆರಗನ್ನು ಎಡಗೈಯಲ್ಲಿ ಜಗ್ಗಿದ.