ತಲೆಯ ಕೆಳಗಿನ ಜಾಕೆಟ್ಟು

ದೋಣಿಯವಳಿಗೆ ನೀರಿನ ಮೇಲೆ ಗಸ್ತು ತಿರುಗುವ ಪೊಲೀಸರೇನೂ ಹೊಸಬರಲ್ಲ. ಆದರೆ ಇವತ್ತೇ ಬರಬೇಕಿತ್ತೇ, ಹಾಳಾದವರು! ಡಾಕ್ಟರು ಕೈಚೆಲ್ಲಿದ ಗಂಡ ದೋಣಿಯೊಳಗಿನ ಪುಟ್ಟ ಕೋಣೆಯಲ್ಲಿ ಮಲಗಿದ್ದ. ಬೆಳಿಗ್ಗೆಯಿಂದ ಉಸಿರನ್ನು ಎಳೆದೆಳೆದು ಬಿಡುತ್ತಿದ್ದ.

ಆ ಕೋಣೆಯೇ ಅವರ ಮನೆ. ನಲವತ್ತು ವರ್ಷದ ಹಿಂದೆ, ಅವಳು ಬಾಣಂತಿಯಾಗಿದ್ದಾಗ, ಪೊಲೀಸರು ಹೇಳದೆ ಕೇಳದೆ ನುಗ್ಗಿ ಅವಳನ್ನು ಎಬ್ಬಿಸಿ ಹಾಸಿಗೆಯನ್ನೇ ಕಿತ್ತು ಹುಡುಕಿದ್ದರು. ಸಿಕ್ಕಿದ್ದೇನು, ಮಣ್ಣು! ಅಂದಿನಿಂದ ಗಂಡ ಕಾನೂನನ್ನು ಬಾಯಿಪಾಠ ಮಾಡಿಕೊಂಡ. ಡೆಕ್ಕಿನ ಮೇಲೆ ಲೈಸೆನ್ಸು ಕೇಳಲಿ, ಲೈಫ್ ಜಾಕೆಟ್ಟು ಎಣಿಸಲಿ. ಮನೆಯೊಳಗೆ ಕಾಲಿಡಬೇಕಾದರೆ ಕೋರ್ಟಿನ ಕಾಗದ ತರಲಿ. "ನನ್ನ ಉಸಿರಿರೋವರೆಗೂ ಯಾರನ್ನೂ ಒಳಗೆ ಬಿಡಬೇಡ ಕಣೇ," ಎಂದು ನಿನ್ನೆಯೂ ಅವಳಿಂದ ಮಾತು ತೆಗೆದುಕೊಂಡಿದ್ದ. ಹಟಮಾರಿ ಅಂದರೆ ಹಟಮಾರಿ.

ಅವಳ ಮಗನ ವಯಸ್ಸಿನ ಅಧಿಕಾರಿಯೊಬ್ಬ ಡೆಕ್ಕಿಗೆ ಹತ್ತಿ ಲೈಸೆನ್ಸು ನೋಡಿದ.

"ಎಷ್ಟು ಜನ ಇದೀರಮ್ಮ?"

"ನಾನು, ನಮ್ಮ ಯಜಮಾನ್ರು. ಅವರಿಗೆ ಹುಷಾರಿಲ್ಲ, ಒಳಗೆ ಮಲಗಿದಾರೆ."

"ಜಾಕೆಟ್ ಒಂದೇ ಇದೆಯಲ್ಲ?"

ಅವಳು ಕೋಣೆಯ ಕಡೆ ತಿರುಗಿ ನೋಡಿದಳು. ದೋಣಿಯವರ ಕೆಟ್ಟ ಚಾಳಿಯೇ ಅದು: ಮೆತ್ತಗಿದೆಯೆಂದು, ಮುಳುಗದಂತೆ ಕಾಯುವ ಜಾಕೆಟ್ಟನ್ನೇ ತಲೆದಿಂಬು ಮಾಡಿಕೊಳ್ಳುವುದು.

"ಇನ್ನೊಂದು ಒಳಗಿದೆಯಪ್ಪ. ಅವರ ತಲೆ ಕೆಳಗೆ."

"ಹಾಗಾದ್ರೆ ನಾನೇ ಹೋಗಿ ನೋಡ್ತೀನಿ."

ಅವಳು ಬಾಗಿಲಿಗೆ ಅಡ್ಡ ನಿಂತಳು. "ಕೋರ್ಟಿನ ಕಾಗದ ಇದ್ರೆ ಬಾ. ಇಲ್ದಿದ್ರೆ ನಾನು ಒಪ್ಪಲ್ಲ. ಜಾಕೆಟ್ ನಾನೇ ತಂದು ತೋರಿಸ್ತೀನಿ."

ಅವನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಆಯ್ತು, ತನ್ನಿ," ಎಂದು ಅಲ್ಲೇ ನಿಂತ.

ಅವಳು ಒಳಗೆ ಹೋಗಿ ಗಂಡನ ತಲೆಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು ಜಾಕೆಟ್ಟನ್ನು ಎಳೆದುಕೊಂಡಳು. ಅವನು ಕಣ್ಣು ತೆರೆದ.

"ನುಗ್ಗಿದ್ರಾ?"

"ಇಲ್ಲ ಕಣ್ರೀ. ಆಚೆನೇ ನಿಲ್ಲಿಸಿದೀನಿ."

"ಭಲೇ," ಎಂದ. ಗೆದ್ದವನ ಹಾಗೆ ಒಂದು ಉಸಿರು ಬಿಟ್ಟ. ಇನ್ನೊಂದಕ್ಕೆ ಅವಳು ಕಾದಳು. ಅಯ್ಯೋ, ಅದು ಬರಲೇ ಇಲ್ಲ.

ಎಷ್ಟು ಹೊತ್ತು ಹಾಗೆಯೇ ಕೂತಿದ್ದಳೋ. ಹೊರಗಿನವನು ಕೂಗಲಿಲ್ಲ, ಬಾಗಿಲು ತಟ್ಟಲಿಲ್ಲ. ಕೊನೆಗೆ ತನ್ನ ಶಾಲನ್ನು ಮಡಿಸಿ ಗಂಡನ ತಲೆಯ ಕೆಳಗಿಟ್ಟು ಎದ್ದಳು. ಬಾಗಿಲನ್ನು ಪೂರ್ತಿ ತೆರೆದು ಜಾಕೆಟ್ಟನ್ನು ಅಧಿಕಾರಿಯ ಕೈಗೆ ಕೊಟ್ಟಳು.

"ಈಗ ಒಳಗೆ ಬಾಪ್ಪ," ಎಂದಳು. "ಅವರನ್ನ ಹೊರಗೆ ತರೋಕೆ ನನ್ನೊಬ್ಬಳ ಕೈಲಿ ಆಗಲ್ಲ."