ಕೊಡವಿದರೂ ಉದುರದ ಮಣ್ಣು

"ಬೇರಿಗೆ ಹೊಲಸು ಹತ್ತೇತಿ! ಕಣ್ಣು ಕಾಣೂದಿಲ್ಲೇನು ವೈನಿ? ಬ್ಲೀಚಿಂಗ್ ಪೌಡರ್ ಕಲಸಿ ಬುಡಕ್ಕ ಸುರೀತೀನಿ!"

"ಸುರಿ ನೋಡೋಣ! ಆ ಕೊಡ ನಿನ್ನ ತಲಿ ಮ್ಯಾಲೆ ಬೋರಲ ಹಾಕ್ತೀನಿ!"

ಮೆಣಸಿನಕಾಯಿ ಹೊಲದಲ್ಲಿ ನಿಂಬೆವ್ವ ಮತ್ತು ಅವಳ ಮೈದುನ ಫಕ್ಕೀರಪ್ಪ ಹೀಗೆ ಕಿತ್ತಾಡಿದ್ದು ನನ್ನ ಮನೆಯ ವಿಷಯಕ್ಕೆ. ಊರಿನ ಬೇರೆ ಹೊಲಗಳ ಗಿಡಗಳಿಗೆಲ್ಲ ಸೊರಗು ರೋಗ ಬಂದಿತ್ತು. ಫಕ್ಕೀರಪ್ಪ ಒಂದು ಗಿಡ ಕಿತ್ತು ಕೊಡವಿದ. ಬೇರಿನ ಮಣ್ಣು ಉದುರಲಿಲ್ಲ. ಅದೇ ರೋಗ ಅಂದುಕೊಂಡ ಪುಣ್ಯಾತ್ಮ!

ಆ ಮಣ್ಣು ಹಿಡಿದವರು ನಮ್ಮವರು. ನಾನಿದ್ದದ್ದು ಪಕ್ಕದ ಗಿಡದ ಬೇರಿನಲ್ಲಿ. ನಾನು ಒಂದು ಮಣ್ಣಿನ ಬ್ಯಾಕ್ಟೀರಿಯಾ. ನನ್ನವ್ವ ಸೀಳಿ ಎರಡಾದಾಗ ಹುಟ್ಟಿದೆ. ಬೇರು ಒಸರುವ ಸಿಹಿಯ ಜಾಡು ಹಿಡಿದು, ಬಾಲ ಬಡಿಯುತ್ತ ಬಂದು ಅಂಟಿಕೊಂಡೆ. ಒಬ್ಬಳಿಂದ ಮನೆ ಏಳದು. ಎಲ್ಲರೂ ಚೂರುಚೂರು ರಸ ಬಿಡುತ್ತೇವೆ. ಅದು ದಟ್ಟವಾದರೆ ಸಾಕಷ್ಟು ಮಂದಿ ಸೇರಿದ್ದೇವೆಂದು ಅರ್ಥ. ಆಗ ಬಾಲ ಕಳಚಿ ಲೋಳೆ ಬಸಿಯಲು ಕೂತೆವು. ಲೋಳೆಯೇ ಗೋಡೆ, ಲೋಳೆಯೇ ಸೂರು. ನೀರು ಹರಿಯಲು ಸಂದಿಯನ್ನೂ ಬಿಟ್ಟೆವು. ಯಾವ ಗೌಂಡಿ ಹೀಗೆ ಕಟ್ಟುತ್ತಾನೆ, ತೋರಿಸಿ!

ನಿಂಬೆವ್ವ ಬೈಯುತ್ತಿದ್ದಂತೆಯೇ ಫಕ್ಕೀರಪ್ಪ ಪೌಡರಿನ ನೀರನ್ನು ನಮ್ಮ ಬುಡಕ್ಕೆ ಸುರಿದುಬಿಟ್ಟ. ಹೊರಗೋಡೆಯವರು ಸುಟ್ಟು ಸತ್ತರು. ಒಳಗಿನವರು ಉಳಿದೆವು. ಸತ್ತವರ ಮೈಯನ್ನೇ ಗೋಡೆಗೆ ಮೆತ್ತಿದೆವು. ರೋಗದ ದಂಡು ಬಂದಾಗ ಬೇರಿನ ಮೇಲೆ ಅದಕ್ಕೆ ಕಾಲೂರಲು ಜಾಗ ಕೊಡಲಿಲ್ಲ. ನಿಂಬೆವ್ವನ ಗಿಡಗಳು ಕೆಂಪು ಕಾಯಿ ಹೊತ್ತು ನಿಂತವು.

"ನನ್ನ ಪೌಡರಿನ ಗುಣ!" ಎಂದ ಫಕ್ಕೀರಪ್ಪ.

"ಅದನ್ನ ಕುಡದು ಸತ್ತ ಎರಿಹುಳ ಎದ್ದು ಬಂದು ಹೇಳಲಿ, ನಂಬ್ತೀನಿ" ಎಂದಳು ನಿಂಬೆವ್ವ.

ಕೊಯ್ಲು ಮುಗಿದು ಗಿಡ ಒಣಗಿತು. ಬೇರಿನ ಸಿಹಿ ನಿಂತಿತು. ಮನೆಯೊಳಗೆ ನಮ್ಮದೇ ಕಸ ತುಂಬಿ ಇರಲಾಗದಂತಾಯಿತು. ಆಗ ನಾವೇ ಗೋಡೆ ಕರಗಿಸುವ ರಸ ಬಿಟ್ಟೆವು. ಪೌಡರಿಗೆ ಬಗ್ಗದ ಮನೆಯನ್ನು ಕೆಡವಿದ್ದು ಕಟ್ಟಿದ ನಾವೇ. ಆ ಹೆಮ್ಮೆ ನನಗೆ ಸಾಕು.

ನನ್ನಿಂದ ಸೀಳಿದ ಮಗಳಿಗೆ ಆಗಲೇ ಬಾಲ ಮೂಡಿತ್ತು.

"ಅವ್ವಾ, ನೀನೂ ಬಾ. ಇಲ್ಲೇನೈತಿ ಇನ್ನ?"

"ಮತ್ತ ಬೇರಿನ ಸಿಹಿ ಬರೂತನಕ ನಾ ಗಟ್ಟಿ ಚಿಪ್ಪು ಹೊದ್ದು ಇಲ್ಲೇ ಮಲಗ್ತೀನಿ. ನೀ ಹೋಗು. ಹೋದಲ್ಲಿ ಸಡಿಲ ಕಟ್ಟಿ ನನ್ನ ಮರ್ಯಾದಿ ಕಳೀಬ್ಯಾಡ."

"ಅಳಬ್ಯಾಡ ಮತ್ತ."

"ನಾ ಯಾಕ ಅಳಲಿ? ನಡಿ!"

ಎರಡು ಮಣ್ಣಿನ ಕಣಗಳ ನಡುವಿನ ನೀರಿಗೆ ಜಾರಿ ಹೋದಳು. ಮತ್ತೆ ಬರಲಿಲ್ಲ.