ಹಸಿರು ಕಾರಿನ ಬಂಪರ್

ಕಾರುಮಾವನಿಗೆ ಸ್ವಂತದ್ದು ಅಂತ ಒಂದು ಸೈಕಲ್ಲೂ ಇರಲಿಲ್ಲ. ಆದರೆ ಅವನ ಬಾಡಿಗೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕಾರುಗಳಿದ್ದವು. ಬೆರಳುದ್ದದವು, ಗೇಣುದ್ದದವು, ಬಾಗಿಲು ತೆಗೆದು ಹಾಕಬಹುದಾದವು, ಬಾನೆಟ್ ಎತ್ತಿದರೆ ಇಂಜಿನ್ನಿನ ವೈರುಗಳೂ ಕಾಣುವಂಥವು. ಯಾರೋ ಬಿಸಾಡಿದ ಆಟಿಕೆ ಕಾರನ್ನು ತಂದು, ಅಡಿಯ ರಿವಿಟ್ ಕೊರೆದು ಬಿಚ್ಚಿ, ಹಳೆ ಬಣ್ಣ ಕರಗಿಸಿ, ಬೇರೆ ಚಕ್ರ, ಬೇರೆ ಸೀಟು, ಬೇರೆ ಬಣ್ಣ ಕೊಟ್ಟು ಅದನ್ನು ಹೊಸ ಮದುಮಗನಂತೆ ಮೆರೆಸುವುದು ಅವನ ಹುಚ್ಚು. ಹೊಟ್ಟೆಪಾಡಿಗೆ ಹಲ್ಲಿನ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಸೆಟ್ಟು, ಕ್ಯಾಪು ಮಾಡುವುದು. ಪಕ್ಕದ ಹಲ್ಲು ಕೊಂಚ ಹಳದಿಯಾಗಿದ್ದರೆ ಇವನು ಮಾಡುವ ಹಲ್ಲೂ ಅಷ್ಟೇ ಹಳದಿ. ಅಲ್ಲೊಂದು ಕೂದಲೆಳೆಯ ಬಿರುಕಿದ್ದರೆ ಇಲ್ಲೂ ಒಂದು ಬಿರುಕು. ಮಾಡಿದ್ದು ಯಾರ ಕಣ್ಣಿಗೂ ಬೀಳದಿದ್ದರೆ ಕೆಲಸ ಚೆನ್ನಾಗಿದೆ ಎಂದರ್ಥ. ಕಸುಬೇ ಅಂಥದ್ದು.

ಅವನಿಗೆ ಆ ಹೆಸರಿಟ್ಟವಳು ಅಕ್ಕನ ಮಗಳು ಚಿಲ್ಟು. ಚಡ್ಡಿ ಹಾಕುವ ವಯಸ್ಸಿನಲ್ಲೇ ತಾಯಿಯನ್ನು ಕಳಕೊಂಡ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಮದುವೆಯಾಗೋ ಎಂದು ಹೇಳಿ ಹೇಳಿ ಅವಳ ಬಾಯಿ ನೋಯಿತೇ ಹೊರತು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾನುವಾರದ ಊಟ ಅಕ್ಕನ ಮನೆಯಲ್ಲಿ, ಜ್ವರ ಬಂದರೆ ಮಲಗುವುದು ಅಕ್ಕನ ಮನೆಯಲ್ಲಿ. ಆ ಒಂದು ಬಾಗಿಲು ಮುಚ್ಚಿದರೆ ಅವನಿಗೆ ತಟ್ಟಲು ಈ ಲೋಕದಲ್ಲಿ ಇನ್ನೊಂದು ಬಾಗಿಲಿರಲಿಲ್ಲ.

ಚಿಲ್ಟು ಹುಟ್ಟಿದಾಗ ಅವನು ಒಂದು ಹಸಿರು ಕಾರು ಮಾಡಿಕೊಟ್ಟಿದ್ದ. ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪಿನ ಬಣ್ಣ. ಕಪಾಟಿನಲ್ಲಿಟ್ಟು ನೋಡಲಿ ಎಂಬುದು ಅವನ ಆಸೆ. ಚಿಲ್ಟು ಅದನ್ನು ಗೋಡೆಗೆ ಗುದ್ದಿದಳು, ಬಕೆಟ್ಟಿನಲ್ಲಿ ಮುಳುಗಿಸಿದಳು, ಮಹಡಿ ಮೆಟ್ಟಿಲಿನಿಂದ ಉರುಳಿಸಿದಳು. ಹಲ್ಲು ಬರುವಾಗ ಹಿಂದಿನ ಪ್ಲಾಸ್ಟಿಕ್ ಬಂಪರನ್ನು ಕಚ್ಚಿ ಕಚ್ಚಿ ಗುಳಿ ಬೀಳಿಸಿದಳು. ಸ್ವಲ್ಪ ದೊಡ್ಡವಳಾದ ಮೇಲೆ ಅಮ್ಮನ ಕೆಂಪು ಉಗುರುಬಣ್ಣ ಕದ್ದು ಒಂದು ಬಾಗಿಲಿಗೆ ಬಳಿದಳು. ಪ್ರತಿ ಭಾನುವಾರ ಕಾರುಮಾವ ಅದನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದ.

"ಅಯ್ಯೋ, ನನ್ನ ಬಣ್ಣ ಕಣೇ!"

"ನಿಂಗೆ ಬಣ್ಣ ಜಾಸ್ತಿನಾ, ನಾನು ಜಾಸ್ತಿನಾ?"

"ನೀನೇ ಕಣೇ ತಾಯಿ," ಎನ್ನುತ್ತಿದ್ದ. ಕಣ್ಣು ಮಾತ್ರ ಬಣ್ಣದ ಮೇಲೇ ಇರುತ್ತಿತ್ತು. ಎಲ್ಲರೂ ನಗುತ್ತಿದ್ದರು.

ಶಾಲೆಗೆ ಸೇರಿದ ವರ್ಷವೇ ಅವಳಿಗೆ ಜ್ವರ ಬಂತು. ಸಾಧಾರಣ ಜ್ವರ ಎಂದರು. ವಾರ ತುಂಬುವುದರೊಳಗೆ ಮನೆ ಬರಿದಾಯಿತು.

ಅಕ್ಕ ಮಗಳ ಬಟ್ಟೆ, ಪುಸ್ತಕ ಎಲ್ಲವನ್ನೂ ಕಂಡವರಿಗೆ ಕೊಟ್ಟಳು. ಕಾರನ್ನು ಕೊಡಲಿಲ್ಲ. ಮಲಗುವಾಗ ದಿಂಬಿನಡಿ, ಅಡುಗೆ ಮಾಡುವಾಗ ಕಿಟಕಿಯ ಮೇಲೆ, ಪೇಟೆಗೆ ಹೋಗುವಾಗ ಕೈಚೀಲದಲ್ಲಿ. ಹೀಗೆ ಹೊತ್ತು ತಿರುಗಿ ಒಂದು ದಿನ ಅದರ ಚಕ್ರ ಕಳಚಿ ಬಂತು. ಅಂದೇ ಅವಳು ಕಾರನ್ನೂ ಚಕ್ರವನ್ನೂ ಕರವಸ್ತ್ರದಲ್ಲಿ ಸುತ್ತಿ ತಮ್ಮನ ಕೈಗಿಟ್ಟಳು.

"ಚಕ್ರ ಒಂದು ಕೂರಿಸಿಕೊಡೋ. ಬೇರೇನೂ ಬೇಡ."

ಚಕ್ರ ಕೂರಿಸುವುದು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರ ಕೆಲಸ. ಆದರೆ ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡನಂತೆ! ದೀಪದ ಕೆಳಗೆ ಕಾರನ್ನಿಟ್ಟು ನೋಡಿದ ಕಾರುಮಾವನಿಗೆ ಕೈ ಕಡಿಯತೊಡಗಿತು. ಸಿಪ್ಪೆ ಎದ್ದ ಬಣ್ಣ, ತುಕ್ಕಿನ ಅಂಚು, ಆ ಕೆಂಪು ಬಾಗಿಲು. 'ಬೇರೇನೂ ಬೇಡ' ಎಂದು ಅಕ್ಕ ಹೇಳಿದ್ದು ತಮ್ಮನಿಗೆ ತೊಂದರೆಯಾದೀತು ಎಂಬ ಸಂಕೋಚದಿಂದ ಎಂದು ಅವನು ತನಗೆ ತಾನೇ ಅರ್ಥ ಹೇಳಿಕೊಂಡ. ಅವಳು ಮೊದಲ ದಿನದ ಹೊಳಪು ಕಂಡು ಬೆರಗಾಗಬೇಕು, ಅಳಬೇಕು, ತಲೆ ಸವರಬೇಕು. ಹೀಗೆ ಲೆಕ್ಕ ಹಾಕಿ, ಈ ಹುಚ್ಚಿನ ಜನ ಎಲ್ಲರೂ ಮಾಡುವಂತೆ ಮೊದಲು ಎಲ್ಲ ಬದಿಯಿಂದ ಫೋಟೋ ತೆಗೆದುಕೊಂಡ. ಆಮೇಲೆ ಬಣ್ಣ ಕರಗಿಸುವ ದ್ರಾವಣದ ಡಬ್ಬಿಗೆ ಕಾರನ್ನು ಇಳಿಬಿಟ್ಟ. ಹಸಿರು ಹೋಯಿತು, ಕೆಂಪು ಹೋಯಿತು. ಪ್ಲಾಸ್ಟಿಕ್ ಬಂಪರನ್ನು ಬೇರೆ ಬಿಚ್ಚಿಟ್ಟುಕೊಂಡು ಗುಳಿಗಳ ಅಂಚನ್ನು ಅರದಿಂದ ಉಜ್ಜಿ, ಪುಟ್ಟಿ ತುಂಬಿ, ಬೆಳ್ಳಿ ಬಣ್ಣ ಹೊಡೆದ.

ಮೈಗೆಲ್ಲ ಹೊಸ ಹಸಿರು ಬಳಿದು ಮುಗಿದ ಮೇಲೆ 'ಮೊದಲು' ಮತ್ತು 'ಈಗ' ಎಂದು ಎರಡು ಫೋಟೋ ಜೋಡಿಸಿ ತನ್ನಂಥ ಹುಚ್ಚರ ಗುಂಪಿಗೆ ಕಳಿಸಿದ. ನಿನ್ನ ಕೈಗೆ ಬಂಗಾರದ ಕಡಗ ತೊಡಿಸಬೇಕು ಎಂದು ಒಬ್ಬ ಬರೆದ. ಕಾರುಮಾವ ಆ ಸಾಲನ್ನು ಮತ್ತೆ ಮತ್ತೆ ಓದಿದ.

ಮರುದಿನ ಸಂಜೆ ಭಾವನೇ ಬಂದ. ಭಾವ ಲಿಫ್ಟ್ ರಿಪೇರಿ ಮಾಡುವವನು, ಒಂದು ಮಾತಾಡಿದರೆ ಎರಡು ಉಳಿಸುವ ಮನುಷ್ಯ. ಕಾರಿಲ್ಲದೆ ಅಕ್ಕನಿಗೆ ನಿದ್ದೆ ಹತ್ತುತ್ತಿಲ್ಲ, ತರಲು ಹೇಳಿದ್ದಾಳೆ ಎಂದ. ಮೇಜಿನ ಮೇಲೆಲ್ಲ ಕಣ್ಣಾಡಿಸಿದ. ಹೊಳೆಯುವ ಹಸಿರು ಕಾರು ಅವನ ಮೂಗಿನ ಕೆಳಗೇ ಇತ್ತು.

"ನಮ್ಮದೆಲ್ಲಿ?"

"ಇದೇ ಭಾವ."

ಭಾವ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಿಂತಲ್ಲೇ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ತಾನು ಮಾಡಿದ್ದು ಏನು ಎಂಬುದು ಆ ಕ್ಷಣದವರೆಗೂ ಕಾರುಮಾವನ ತಲೆಗೆ ಹೊಳೆದೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬರುವುದು ಎಲ್ಲರಿಗೂ ಇದ್ದದ್ದೇ. ಇವನಿಗೆ ಅದೂ ಇನ್ನೊಬ್ಬರ ಮುಖ ನೋಡಿದ ಮೇಲೆ ಬಂತು.

"ಉಗುರುಬಣ್ಣ?" ಎಂದ ಭಾವ.

ಕಾರುಮಾವ ದ್ರಾವಣದ ಡಬ್ಬಿಯ ಮುಚ್ಚಳ ಬಿಗಿ ಮಾಡಿದ.

"ಆ ಕಚ್ಚಿದ್ದು? ಬಂಪರ್?"

"ಅದನ್ನ ಮುಟ್ಟಿಲ್ಲ ಭಾವ," ಎಂದುಬಿಟ್ಟ ಕಾರುಮಾವ. "ಇದು ಬೇರೆ ಬಂಪರ್. ಹಳೇದನ್ನ ಬಿಚ್ಚಿ ಜೋಪಾನವಾಗಿಟ್ಟಿದ್ದೀನಿ."

"ತೋರಿಸು."

"ಲ್ಯಾಬಲ್ಲಿದೆ."

ಭಾವ ದೊಡ್ಡ ಉಸಿರು ಬಿಟ್ಟ. ಆ ಉಸಿರಿನಲ್ಲಿದ್ದ ನೆಮ್ಮದಿ ಕಂಡು ಕಾರುಮಾವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇದನ್ನ ಅವಳು ನೋಡಿದ್ರೆ ಬದುಕಲ್ಲ," ಎಂದ ಭಾವ. "ನಿನ್ನನ್ನ ಮತ್ತೆ ಮನೆ ಹೊಸಿಲು ತುಳಿಯೋಕೂ ಬಿಡಲ್ಲ. ನಾನೂ ಬಿಡಲ್ಲ. ಮೊದಲು ಹೆಂಗಿತ್ತೋ ಹಂಗೇ ಮಾಡು. ಆ ಹಳೇ ಬಂಪರ್ ಹಾಕು. ಚಕ್ರದ ಸಾಮಾನು ಸಿಕ್ಕಿಲ್ಲ ಅಂತ ಅವಳಿಗೆ ಹೇಳಿರ್ತೀನಿ."

ಸರಿ, ಹೊಸದನ್ನು ಹಳೆಯದು ಮಾಡುವುದೂ ಆ ಹುಚ್ಚರಿಗೆ ಗೊತ್ತಿರುವ ವಿದ್ಯೆಯೇ. ಫೋಟೋಗಳನ್ನು ದೊಡ್ಡದು ಮಾಡಿ ಎದುರಿಗಿಟ್ಟುಕೊಂಡ. ಎಲ್ಲಿ ಎಷ್ಟು ಸಿಪ್ಪೆ ಎದ್ದಿತ್ತೋ ಅಲ್ಲಿ ಸೂಜಿಯಿಂದ ಅಷ್ಟೇ ಎಬ್ಬಿಸಿದ. ಕಂದು ಬಣ್ಣವನ್ನು ಸ್ಪಂಜಿನ ಚೂರಿಗೆ ತಾಗಿಸಿ ತುಕ್ಕು ಹಚ್ಚಿದ. ಅಂಗಡಿಯಿಂದ ಉಗುರುಬಣ್ಣ ತಂದು, ಮಕ್ಕಳು ಹಿಡಿಯುವಂತೆ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಬಳಿದ. ಮೊದಲನೇ ಸಲ ಅದು ತೀರಾ ನೀಟಾಗಿ ಬಂದಿತ್ತು, ಅಳಿಸಿದ. ಎಡಗೈಯಲ್ಲಿ ಬಳಿದ ಮೇಲೆ ಸರಿಹೋಯಿತು. ಗುಂಪಿಗೆ ಹಾಕಿದ್ದ ಫೋಟೋ ತೆಗೆದುಹಾಕಿದ. ಬಣ್ಣದ ವಾಸನೆ ಹೋಗಲೆಂದು ಕಾರನ್ನು ದಿನಗಟ್ಟಲೆ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಬಂಪರ್ ಮಾತ್ರ ನುಂಗಲಾರದ ತುತ್ತಾಯಿತು. ಪುಟ್ಟಿಯನ್ನು ಕೆರೆದು ತೆಗೆದರೂ ಒಳಗೆ ಏನೂ ಉಳಿದಿರಲಿಲ್ಲ. ಅರ ತನ್ನ ಕೆಲಸ ಮಾಡಿ ಮುಗಿಸಿತ್ತು. ಫೋಟೋದಲ್ಲಿ ಗುಳಿಗಳು ಕಾಣುತ್ತಿದ್ದವು, ಆದರೆ ಉಳಿಯಿಂದ ಕೆತ್ತಿದರೆ ಕೆತ್ತಿದ ಹಾಗೇ ಕಾಣುತ್ತಿತ್ತು. ಕಚ್ಚಿದ ಗುರುತು ಬೇಕೆಂದರೆ ಕಚ್ಚುವ ಹಲ್ಲೇ ಬೇಕು.

ಲ್ಯಾಬಿನ ಹಿಂದಿನ ಕಪಾಟಿನಲ್ಲಿ ಕೆಲಸ ಮುಗಿದ ಅಚ್ಚುಗಳನ್ನು ರಾಶಿ ಹಾಕಿದ್ದರು. ಹಾಲುಹಲ್ಲು ಬೇಗ ಬಿದ್ದ ಮಕ್ಕಳಿಗೆ ಕ್ಲಿಪ್ಪು ಮಾಡಲು ತೆಗೆದ ಪುಟ್ಟ ಪುಟ್ಟ ಅಚ್ಚುಗಳೂ ಅಲ್ಲಿದ್ದವು. ಬೇರೆಯವರು ಊಟಕ್ಕೆ ಹೋದ ಹೊತ್ತಿನಲ್ಲಿ ಅವನು ಒಂದೊಂದನ್ನೇ ಎತ್ತಿ ಫೋಟೋಗೆ ಹಿಡಿದು ನೋಡಿದ. ಒಂದು ಹೊಂದಿತು. ಯಾವ ಮಗುವಿನದೋ ಏನೋ. ಎಲ್ಲೋ ಒಂದು ಮನೆಯಲ್ಲಿ ಅದು ಈಗಲೂ ಪೆನ್ಸಿಲು ಕಚ್ಚುತ್ತಾ ಬೈಸಿಕೊಳ್ಳುತ್ತಿರಬೇಕು. ಅವನು ಅದರ ಮುಂದಿನ ಹಲ್ಲುಗಳನ್ನು ಗಟ್ಟಿ ರಾಳದಲ್ಲಿ ಎರಕ ಹೊಯ್ದ. ಬಂಪರಿನ ಅಳತೆಗೆ ಹೊಸ ಪ್ಲಾಸ್ಟಿಕ್ ತುಂಡು ಕತ್ತರಿಸಿ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮೇಲೆ ಕೆಳಗೆ ಹಲ್ಲಿಟ್ಟು ಒತ್ತಿದ. ಅಚ್ಚುಕಟ್ಟಾಗಿ ಬಂತು. ಕೆಲಸ ಕೈಗೂಡಿದ ಖುಷಿಗೆ ಸಣ್ಣಗೆ ಸಿಳ್ಳೆ ಹಾಕುತ್ತಿದ್ದೇನೆ ಎಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಗೊತ್ತಾದ ಕೂಡಲೇ ಸಿಳ್ಳೆ ನಿಲ್ಲಿಸಿ, ಆ ಅಚ್ಚನ್ನು ಮತ್ತೆ ಕಪಾಟಿನ ರಾಶಿಗೆ ಸೇರಿಸಿದ.

ಕಾರನ್ನು ತೆಗೆದುಕೊಂಡು ಹೋದ ದಿನ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಕೈಯಿಂದ ಕಿತ್ತುಕೊಂಡಂತೆ ಇಸಿದುಕೊಂಡಳು. ಚಕ್ರ ತಿರುಗಿಸಿದಳು. ಕೆಂಪು ಬಾಗಿಲನ್ನು ಕೆನ್ನೆಗೆ ಒತ್ತಿಕೊಂಡಳು. ಮೂಗಿನ ಹತ್ತಿರ ಹಿಡಿದು ಮೂಸಿದಳು.

"ನಿನ್ನ ರೂಮಿನ ವಾಸನೆ ಹಿಡಿದುಬಿಟ್ಟಿದೆ," ಎಂದಳು.

"ಹೋಗುತ್ತೆ ಬಿಡಕ್ಕ."

ಅವಳು ಬಂಪರಿನ ಗುಳಿಗಳಲ್ಲಿ ಕಿರುಬೆರಳಿಟ್ಟು ಸವರಿದಳು. ಯಾರದೋ ಮಗುವಿನ ಹಲ್ಲಿನ ಗುರುತಿಗೆ ಮುತ್ತಿಟ್ಟಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಇಷ್ಟು ತಡವಾಯ್ತಲ್ಲ, ಇವನೆಲ್ಲಿ ಹೊಸದು ಮಾಡಿ ತಂದುಬಿಡ್ತಾನೋ ಅಂತ ಹೆದರಿ ಸಾಯ್ತಿದ್ದೆ. ನಿನ್ನ ಕೈ ಸುಮ್ಮನಿರಲ್ವಲ್ಲ! ಥೂ, ಹಂಗೆ ಅಂದ್ಕೊಂಡೆನಲ್ಲ ನಿನ್ನ ಬಗ್ಗೆ." ಅವಳು ಅಳುತ್ತಲೇ ನಕ್ಕು ಅವನ ತಲೆ ಸವರಿದಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಕಾರುಮಾವ ಚಹಾ ಕುಡಿದ.

ಹೊರಟಾಗ ಭಾವ ಕೆಳಗಿನವರೆಗೂ ಬಂದ. ಗೇಟಿನ ಹತ್ತಿರ ನಿಂತು, ಯಾರಾದರೂ ಕೇಳುತ್ತಿದ್ದಾರೇನೋ ಎಂಬಂತೆ ಹಿಂದೆ ತಿರುಗಿ ನೋಡಿದ.

"ಕೆಲಸ ಏನೋ ಚೆನ್ನಾಗಿ ಮಾಡಿದ್ದೀಯ. ಅವಳಿಗೆ ಗೊತ್ತಾಗಲಿಲ್ಲ."

"ಹೂಂ."

"ಆದ್ರೆ ನನಗೆ ಗೊತ್ತಿದೆಯಲ್ಲ. ಅವಳು ಮುದ್ದು ಮಾಡ್ತಿದ್ರೆ ನನಗೆ ನಿನ್ನ ಬ್ರಷ್ಷು ಕಾಣುತ್ತೆ. ಆ ಬಂಪರ್ ಒಂದೇ ಚಿಲ್ಟೂದು ಅಂತ ಉಳಿದಿರೋದು." ಭಾವ ತನ್ನ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. "ಹಲ್ಲು ಬರೋವಾಗ ಎತ್ತಿಕೊಂಡು ತಿರುಗ್ತಿದ್ದೆನಲ್ಲ, ಈ ಬೆರಳನ್ನೂ ಹಂಗೇ ಕಚ್ತಿದ್ಲು."

ಕಾರುಮಾವ ಗೇಟಿನ ಚಿಲಕ ತೆಗೆದ.

"ಒಂದು ಕೇಳ್ತೀನಿ, ಇಲ್ಲ ಅನ್ನಬೇಡ. ಆ ಬಂಪರನ್ನ ಬಿಚ್ಚಿ ನನಗೆ ಕೊಡು. ಅಂಥದ್ದೇ ಇನ್ನೊಂದು ಮಾಡಿ ಕಾರಿಗೆ ಹಾಕು. ನಿನಗೆ ಬರುತ್ತಲ್ಲ ಅದೆಲ್ಲ. ಅವಳಿಗೆ ಇಡೀ ಕಾರೇ ಇದೆ. ನನ್ನ ಹತ್ರ ಏನಿದೆ ಹೇಳು?"

ಈಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೂ ತೆರೆದ. ಆದರೆ ಮೇಲೆ ಅಕ್ಕ ಬಾಲ್ಕನಿಗೆ ಬಂದು ನಿಂತು, ಕಾರನ್ನು ಎತ್ತಿ ಹಿಡಿದು ಅವನಿಗೆ ಟಾಟಾ ಮಾಡುತ್ತಿದ್ದಳು. ಅವನೂ ಕೈ ಬೀಸಿದ.

"ಆಗಲಿ ಭಾವ. ಮಾಡಿಕೊಡ್ತೀನಿ."

ವಾರಗಳಿಂದ ಅವನ ಮುಖ ನೋಡಿ ಮಾತಾಡದಿದ್ದ ಭಾವ ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡ.

"ಭಾನುವಾರ ಊಟಕ್ಕೆ ಬಾ, ಮರೀಬೇಡ," ಎಂದ.

ಬರುತ್ತೇನೆ ಎಂದು ಕಾರುಮಾವ ಬಸ್ಸಿನ ಕಡೆ ನಡೆದ. ಅಕ್ಕನ ಮನೆಯ ಬಾಗಿಲು ಅವನಿಗೆ ಉಳಿದಿತ್ತು. ಅದಕ್ಕಾಗಿ ಆ ಯಾರದೋ ಮಗುವಿನ ಹಲ್ಲನ್ನು ಇನ್ನೊಂದು ಸಲ ಒತ್ತಬೇಕಾಗಿತ್ತು.